ವೀಸಾ ಕೇಳದ ದ್ವೀಪ, ದಿನ ಎಣಿಸುವ ದೇಶಗಳು

ತುಮಕೂರಿನಿಂದ ಅಕ್ಕನ ಮಗ ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ. "ಮಾವ, ಯೂರೋಪಲ್ಲಿ ಯಾವ ದೇಶ ಈಸಿ? ಎಲ್ಲಿ ಬೇಗ ಪಿಆರ್ ಸಿಗುತ್ತೆ?" ಪಿಆರ್ ಅಂದರೆ ಕಾಯಂ ವಾಸದ ಹಕ್ಕು. ನಾನು ಜರ್ಮನಿಗೆ ಬಂದು ಕೆಲವು ವರ್ಷ ಆಯಿತು. ಹಾಗಾಗಿ ಇಡೀ ಖಂಡದ ವೀಸಾ ಆಫೀಸು ನನ್ನ ಮನೆ ಹಿತ್ತಲಲ್ಲೇ ಇದೆ ಅಂತ ಅವನ ನಂಬಿಕೆ. ಹೋದ ವಾರ ಸುಮ್ನೆ ಕಾಲೆಳೆಯೋಣ ಅಂತ ಹೇಳಿದೆ: "ಒಂದು ಊರಿದೆ ಕಣೋ. ಅಲ್ಲಿ ಇರೋಕೆ ವೀಸಾ ಬೇಡ, ಪರ್ಮಿಟ್ ಬೇಡ, ಡಿಗ್ರಿನೂ ಕೇಳಲ್ಲ. ಆದರೆ ಊರಾಚೆ ಹಿಮಕರಡಿ ಓಡಾಡ್ತಾವೆ."

ಅವನು ನಕ್ಕ. ಆದರೆ ನಾನು ಹೇಳಿದ್ದು ನಿಜವೇ.

ನಾರ್ವೆಯಿಂದ ಇನ್ನೂ ಉತ್ತರಕ್ಕೆ ಹೋದರೆ ಸ್ವಾಲ್‌ಬಾರ್ಡ್ ಎಂಬ ದ್ವೀಪಗಳು ಸಿಗುತ್ತವೆ. 1920ರ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ಇವುಗಳ ಬಗ್ಗೆ ಒಂದು ಒಪ್ಪಂದ ಆಯಿತು. ದ್ವೀಪಗಳು ನಾರ್ವೆಗೆ ಸೇರಿದ್ದು, ಆದರೆ ಸಹಿ ಹಾಕಿದ ದೇಶಗಳ ಜನರಿಗೆಲ್ಲ ಅಲ್ಲಿ ಹೋಗಲು, ದುಡಿಯಲು ಸಮಾನ ಅವಕಾಶ ಎಂದು ಬರೆದುಕೊಂಡರು. ಬ್ರಿಟಿಷರ ಜೊತೆ ಆಗಿನ ಭಾರತದ ಹೆಸರಿನಲ್ಲೂ ಸಹಿ ಬಿತ್ತು. ಈಗಂತೂ ನಾರ್ವೆ ಯಾವ ದೇಶದವರಿಗೂ ಅಲ್ಲಿ ವಾಸದ ಪರ್ಮಿಟ್ ಕೇಳುವುದಿಲ್ಲ. ಮುಖ್ಯ ಊರು ಲಾಂಗ್‌ಇಯರ್‌ಬೀನ್, ಸುಮಾರು 2,500 ಜನ. ಭಾರತ ಸರ್ಕಾರದ ಹಿಮಾದ್ರಿ ಸಂಶೋಧನಾ ಕೇಂದ್ರವೂ 2008ರಿಂದ ಅಲ್ಲಿನ ಇನ್ನೊಂದು ಪುಟ್ಟ ನೆಲೆಯಲ್ಲಿದೆ.

ಹಾಗಾದರೆ ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಯಾಕೆ ಹೋಗುತ್ತಿಲ್ಲ? ವಿಮಾನ ನಾರ್ವೆ ಮೇಲೇ ಹೋಗಬೇಕು. ಅದಕ್ಕೆ ವೀಸಾ ಬೇಕು, ವಾಪಸ್ ಬರುವಾಗಲೂ ಬೇಕು. ಕೆಲಸ, ಮನೆ ನೀವೇ ಹುಡುಕಿಕೊಳ್ಳಬೇಕು. ಕೈಯಲ್ಲಿ ಕಾಸಿಲ್ಲ ಎಂದು ಗೊತ್ತಾದರೆ ಅಲ್ಲಿನ ಗವರ್ನರ್ ಹೊರಡಿ ಎನ್ನಬಹುದು. ಇದೆಲ್ಲ ಸರಿ ಹೋಯಿತು ಅಂತಿಟ್ಟುಕೊಳ್ಳಿ. ಅಲ್ಲಿ ಹತ್ತು ವರ್ಷ ಬಾಳಿದರೂ ನಾರ್ವೆಯ ಪಿಆರ್‌ಗೆ ಆ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. 2022ರಲ್ಲಿ ಇನ್ನೊಂದು ನಿಯಮ ಬಂತು: ಊರಿನ ಕೌನ್ಸಿಲ್ ಚುನಾವಣೆಯಲ್ಲಿ ವೋಟು ಹಾಕಬೇಕಾದರೆ ವಿದೇಶಿಯರು ಮೊದಲು ಮೂರು ವರ್ಷ ನಾರ್ವೆಯ ಮುಖ್ಯ ಭೂಭಾಗದಲ್ಲಿ ಇದ್ದಿರಬೇಕು.

ಸ್ವಾಲ್‌ಬಾರ್ಡ್ ಕಥೆಯನ್ನು ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. "ಸುಲಭ" ಅನ್ನುವ ಒಂದೇ ಮಾತಿನಲ್ಲಿ ನಮ್ಮ ಜನ ಎರಡು ಸಂಗತಿ ಸೇರಿಸಿಬಿಡುತ್ತಾರೆ. ಒಳಗೆ ಬಿಡುವುದು ಒಂದು, ಒಳಗಿದ್ದ ದಿನಗಳನ್ನು ಲೆಕ್ಕಕ್ಕೆ ಹಿಡಿಯುವುದು ಇನ್ನೊಂದು. ಯೂರೋಪಿನ ಪ್ರತಿ ದೇಶವೂ ಇವೆರಡನ್ನು ತನಗೆ ಬೇಕಾದ ಹಾಗೆ ಬೆರೆಸಿಕೊಂಡಿದೆ. ಆದ್ದರಿಂದ "ಟಾಪ್ 5 ಈಸಿ ದೇಶಗಳು" ಎಂಬ ವಿಡಿಯೋಗಳನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ.

ಮೊದಲು ಷೆಂಗೆನ್ ಗೊಂದಲ ಬಗೆಹರಿಸೋಣ. ಷೆಂಗೆನ್ ಅನ್ನುವುದು ಲಕ್ಸೆಂಬರ್ಗ್‌ನ ಒಂದು ಸಣ್ಣ ಹಳ್ಳಿ. 1985ರಲ್ಲಿ ಅಲ್ಲಿ ನದಿಯ ಮೇಲೆ ದೋಣಿಯಲ್ಲಿ ಕೂತು ಐದು ದೇಶಗಳು ಗಡಿ ತಪಾಸಣೆ ಕೈಬಿಡುವ ಒಪ್ಪಂದಕ್ಕೆ ಸಹಿ ಹಾಕಿದವು. ಈಗ 29 ದೇಶಗಳಿವೆ; ರೊಮೇನಿಯಾ, ಬಲ್ಗೇರಿಯಾ 2025ರ ಜನವರಿಯಲ್ಲಿ ಪೂರ್ತಿ ಒಳಗೆ ಬಂದವು. ಐರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿದೆ, ಷೆಂಗೆನ್‌ನಲ್ಲಿಲ್ಲ. ಸ್ವಿಟ್ಜರ್‌ಲೆಂಡ್ ಷೆಂಗೆನ್‌ನಲ್ಲಿದೆ, ಒಕ್ಕೂಟದಲ್ಲಿಲ್ಲ. ನಮ್ಮ ಪ್ರವಾಸಿ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಇಲ್ಲೆಲ್ಲ ಸುತ್ತಬಹುದು, ಅಷ್ಟೆ. ಅದಕ್ಕಿಂತ ಜಾಸ್ತಿ ಇರಬೇಕಾದರೆ ಯಾವುದಾದರೂ ಒಂದು ದೇಶದ ವಾಸದ ಕಾರ್ಡು ಬೇಕು. ಆ ಕಾರ್ಡು ಆ ದೇಶಕ್ಕೆ ಮಾತ್ರ. ಪೋರ್ಚುಗಲ್ ಕಾರ್ಡು ಹಿಡಿದು ಬರ್ಲಿನ್‌ಗೆ ಬಂದರೆ ನೀವು ನೆಂಟರೇ. ತೊಂಬತ್ತು ದಿನ ಆದಮೇಲೆ ಹೊರಡಬೇಕು. ಗಡಿಯಲ್ಲಿ ಪೊಲೀಸರಿಲ್ಲ ಎಂದ ಮಾತ್ರಕ್ಕೆ ಎಲ್ಲಿ ಬೇಕಾದರೂ ಮನೆ ಮಾಡಬಹುದು ಅಂದುಕೊಂಡು ಸಿಕ್ಕಿಬಿದ್ದವರಿದ್ದಾರೆ.

ಇನ್ನು ನನಗೆ ಹತ್ತಿರದಿಂದ ಗೊತ್ತಿರುವ ಜರ್ಮನಿಗೆ ಬರೋಣ. ಡಿಗ್ರಿ ಇದ್ದು, ಕೆಲಸದ ಆಫರ್ ಇದ್ದರೆ ಇಲ್ಲಿನ ದೊಡ್ಡ ಬಾಗಿಲು ಬ್ಲೂ ಕಾರ್ಡ್ ಎಂಬ ಕೆಲಸ-ವಾಸದ ಪರ್ಮಿಟ್. ಇದು ಐರೋಪ್ಯ ಒಕ್ಕೂಟದ್ದೇ ಯೋಜನೆ. ಡೆನ್ಮಾರ್ಕ್ ಮತ್ತು ಐರ್ಲೆಂಡ್ ಮಾತ್ರ ಇದರಲ್ಲಿ ಸೇರಿಲ್ಲ. ಆದರೆ ಕೊಡುವುದರಲ್ಲಿ ಜರ್ಮನಿಯದೇ ಸಿಂಹಪಾಲು. 2023ರಲ್ಲಿ ಒಕ್ಕೂಟದಲ್ಲಿ ಕೊಟ್ಟ ಸುಮಾರು 89,000 ಬ್ಲೂ ಕಾರ್ಡುಗಳಲ್ಲಿ 69,000ದಷ್ಟು ಜರ್ಮನಿಯವು. ಪಡೆದವರಲ್ಲಿ ಎಲ್ಲರಿಗಿಂತ ಜಾಸ್ತಿ ನಮ್ಮವರು, ಸುಮಾರು 21,000. 2024ರ ಅಕ್ಟೋಬರಿನಲ್ಲಿ ಜರ್ಮನಿ, ನುರಿತ ಭಾರತೀಯರಿಗೆ ಕೊಡುವ ವೀಸಾ ಸಂಖ್ಯೆಯನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುತ್ತೇವೆ ಎಂದು ಹೇಳಿತು. ಇಲ್ಲಿ ವಯಸ್ಸಾದವರು ಜಾಸ್ತಿ, ದುಡಿಯುವ ಕೈಗಳು ಕಡಿಮೆ. ಪ್ರೀತಿ ಉಕ್ಕಿದ್ದು ಅದಕ್ಕೇ.

ಬ್ಲೂ ಕಾರ್ಡಿಗೆ ಸಂಬಳದ ಗೆರೆ ಇದೆ. 2025ರಲ್ಲಿ ವರ್ಷಕ್ಕೆ 48,300 ಯೂರೋ. ಐಟಿ, ಎಂಜಿನಿಯರಿಂಗ್, ವೈದ್ಯಕೀಯದಂಥ ಜನ ಸಾಲದ ಕೆಲಸಗಳಿಗೆ ಮತ್ತು ಈಗಷ್ಟೇ ಓದು ಮುಗಿಸಿದವರಿಗೆ 43,759.80 ಯೂರೋ. (ಆ ಎಂಬತ್ತು ಸೆಂಟನ್ನೂ ಬಿಡುವುದಿಲ್ಲ, ಇವರು ಜರ್ಮನ್ನರು.) ಪ್ರತಿ ಜನವರಿಯಲ್ಲಿ ಈ ಗೆರೆ ಮೇಲೇರುತ್ತದೆ. ಐಟಿಯವರಿಗೆ ಇನ್ನೊಂದು ಸವಲತ್ತು: ಡಿಗ್ರಿ ಇಲ್ಲದಿದ್ದರೂ ಕಳೆದ ಏಳು ವರ್ಷದಲ್ಲಿ ಮೂರು ವರ್ಷ ಅದೇ ಮಟ್ಟದ ಅನುಭವ ಇದ್ದರೆ ನಡೆಯುತ್ತದೆ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಕೋಡ್ ಬರೆದು ಬದುಕುತ್ತಿರುವ ಎಷ್ಟು ಜನಕ್ಕೆ ಇದು ಗೊತ್ತು?

ಡಿಗ್ರಿ ಇದ್ದವರಿಗೆ ಮೊದಲ ಪರೀಕ್ಷೆ ಅನಾಬಿನ್. ಜಗತ್ತಿನ ಕಾಲೇಜು, ವಿಶ್ವವಿದ್ಯಾಲಯಗಳನ್ನು ಜರ್ಮನ್ನರು ಪಟ್ಟಿ ಮಾಡಿ ಇಟ್ಟಿರುವ ತಾಣ ಅದು. ನಿಮ್ಮ ವಿಶ್ವವಿದ್ಯಾಲಯದ ಮುಂದೆ "ಎಚ್ ಪ್ಲಸ್" (ಮಾನ್ಯತೆ ಇದೆ ಎಂಬ ಗುರುತು) ಎಂದಿರಬೇಕು, ಕೋರ್ಸು ಇಲ್ಲಿನ ಡಿಗ್ರಿಗೆ ಸಮ ಎಂದೂ ಇರಬೇಕು. ಎರಡನ್ನೂ ಪ್ರಿಂಟ್ ತೆಗೆದು ಫೈಲಿಗೆ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಡಿಗ್ರಿಯ ಮೌಲ್ಯಮಾಪನಕ್ಕೆ ದುಡ್ಡು ಕಟ್ಟಿ ಕಾಯಬೇಕು.

ಆಫರ್ ಇಲ್ಲದವರಿಗೆ 2024ರ ಜೂನ್ 1ರಿಂದ ಚಾನ್ಸನ್‌ಕಾರ್ಟೆ, ಅಂದರೆ ಅವಕಾಶದ ಕಾರ್ಡು ಬಂದಿದೆ. ಓದು, ಅನುಭವ, ಭಾಷೆ, ವಯಸ್ಸಿಗೆಲ್ಲ ಅಂಕ. ಆರು ಅಂಕ ಸಿಕ್ಕರೆ ಒಂದು ವರ್ಷ ಇಲ್ಲೇ ಇದ್ದು ಕೆಲಸ ಹುಡುಕಬಹುದು, ವಾರಕ್ಕೆ 20 ಗಂಟೆ ಸಣ್ಣಪುಟ್ಟ ಕೆಲಸ ಮಾಡಬಹುದು. ಹುಡುಕುವವರೆಗಿನ ಖರ್ಚಿಗೆ ದುಡ್ಡಿದೆ ಎಂದು ಮೊದಲೇ ತೋರಿಸಬೇಕು. ನನ್ನ ಅಭಿಪ್ರಾಯ ಕೇಳಿದರೆ, ಜರ್ಮನ್ ಬಾರದೆ ಈ ಕಾರ್ಡು ಹಿಡಿದು ಬರುವುದು ದುಬಾರಿ ಜೂಜು. ಜರ್ಮನ್ ಕಲಿಸುವ ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಆರು ತಿಂಗಳು ಬೆವರು ಸುರಿಸಿ ಬಂದರೆ ಮಾತು ಬೇರೆ.

ಈಗ ಒಳಗೆ ಬಂದಿರಿ ಅಂತಿಟ್ಟುಕೊಳ್ಳಿ. ನಿಜವಾದ ಆಟ ಶುರುವಾಗುವುದು ಆಗ. ಮನೆಗೆ ಬಂದ ಎರಡು ವಾರದಲ್ಲಿ ಊರಿನ ಆಫೀಸಿನಲ್ಲಿ ವಿಳಾಸ ನೋಂದಾಯಿಸಬೇಕು. ಇದನ್ನು ಆನ್‌ಮೆಲ್ಡುಂಗ್ ಎನ್ನುತ್ತಾರೆ. ಅದಕ್ಕೆ ಮನೆ ಮಾಲೀಕರ ಸಹಿ ಇರುವ ಕಾಗದ ಬೇಕು. ಮನೆ ಕೊಡಲು ಮಾಲೀಕರು ಮೂರು ತಿಂಗಳ ಸಂಬಳದ ಚೀಟಿ ಕೇಳುತ್ತಾರೆ. ಸಂಬಳ ಬರಲು ಬ್ಯಾಂಕ್ ಖಾತೆ ಬೇಕು. ಖಾತೆ ತೆರೆಯಲು ಎಷ್ಟೋ ಬ್ಯಾಂಕುಗಳು ಆನ್‌ಮೆಲ್ಡುಂಗ್ ಕಾಗದ ತೋರಿಸಿ ಅನ್ನುತ್ತವೆ. ಮದುವೆ ಆಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆ ಆಗದು ಅನ್ನೋ ಹಾಗೆ.

ನನ್ನದೇ ಒಂದು ಪ್ರಸಂಗ ಹೇಳಿಬಿಡುತ್ತೇನೆ. ಇಲ್ಲಿ ಅಪಾರ್ಟ್‌ಮೆಂಟುಗಳಲ್ಲಿ ಮನೆ ನಂಬರ್ ಇರುವುದಿಲ್ಲ; ಅಂಚೆಯವನು ಡಬ್ಬಿಯ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾನೆ. ನಾನು ನನ್ನ ಹೆಸರನ್ನು ಅಂದವಾಗಿ ಬರೆದು ಅಂಟಿಸಿದ್ದೆ. ಆದರೆ ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿರುವುದು ಅಪ್ಪನ ಹೆಸರು. ಸರ್ಕಾರಿ ಕಾಗದಗಳೆಲ್ಲ ಬರುವುದು "ಹೆರ್ ನಂಜುಂಡಯ್ಯ" ಎಂಬುವರಿಗೆ. ಆ ಹೆಸರಿನವರು ಈ ವಿಳಾಸದಲ್ಲಿಲ್ಲ ಎಂದು ನನ್ನ ತೆರಿಗೆ ನಂಬರಿನ ಪತ್ರ ವಾಪಸ್ ಹೋಯಿತು. ನಂಬರ್ ಇಲ್ಲದೆ ಮೊದಲ ಸಂಬಳದಲ್ಲಿ ತೆರಿಗೆಯನ್ನು ಅತಿ ಹೆಚ್ಚಿನ ದರದಲ್ಲಿ ಹಿಡಿದರು. ಆಮೇಲೆ ವಾಪಸ್ ಬಂತು ಅನ್ನಿ. ಅಂದಿನಿಂದ ಡಬ್ಬಿಯ ಮೇಲೆ ಅಪ್ಪನ ಹೆಸರೇ ಇದೆ. ತುಮಕೂರು ದಾಟಿ ಹೆಚ್ಚು ದೂರ ಹೋಗದಿದ್ದ ಮನುಷ್ಯ, ಜರ್ಮನಿಯ ಒಂದು ಬೀದಿಯಲ್ಲಿ ಬೋರ್ಡು ಹಾಕಿಸಿಕೊಂಡಿದ್ದಾರೆ.

ಪರ್ಮಿಟ್ ನವೀಕರಣಕ್ಕೆ ವಿದೇಶಿಯರ ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ದೊಡ್ಡ ಊರುಗಳಲ್ಲಿ ಕಷ್ಟ. ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಿದ್ದರೆ ಒಂದು ತಾತ್ಕಾಲಿಕ ಕಾಗದ ಕೊಡುತ್ತಾರೆ: ತೀರ್ಮಾನ ಆಗುವವರೆಗೆ ಹಳೆಯ ಪರ್ಮಿಟ್ ಜೀವಂತ ಎಂದು ಅದರ ಅರ್ಥ. ನಾನು ಕೆಲವು ತಿಂಗಳು ಆ ಕಾಗದವನ್ನೇ ಮಡಚಿ ಪರ್ಸಿನಲ್ಲಿಟ್ಟುಕೊಂಡು ಓಡಾಡಿದ್ದೇನೆ.

ಇಷ್ಟೆಲ್ಲ ಗೊಣಗಿದರೂ, ದಿನದ ಲೆಕ್ಕದಲ್ಲಿ ಜರ್ಮನಿ ಉದಾರಿ. ಬ್ಲೂ ಕಾರ್ಡ್ ಇದ್ದು ಜರ್ಮನ್ ಭಾಷೆಯ ಬಿ1 ಮಟ್ಟ (ದಿನಬಳಕೆಯ ಮಾತು ನಡೆಸುವಷ್ಟು) ಪಾಸಾಗಿದ್ದರೆ 21 ತಿಂಗಳಿಗೆ ಪಿಆರ್. ಎ1 ಮಟ್ಟದ ಅಲ್ಪಸ್ವಲ್ಪ ಜರ್ಮನ್ ಇದ್ದರೆ 27 ತಿಂಗಳು. ಗಂಡ ಅಥವಾ ಹೆಂಡತಿ ಮೊದಲ ದಿನದಿಂದ ಕೆಲಸ ಮಾಡಬಹುದು. ಪೌರತ್ವ ಐದು ವರ್ಷಕ್ಕೆ. 2024ರ ಜೂನ್‌ವರೆಗೆ ಎಂಟು ವರ್ಷ ಇತ್ತು. ತುಂಬಾ ಚೆನ್ನಾಗಿ ಬೆರೆತವರಿಗೆ ಮೂರೇ ವರ್ಷ ಎಂಬ ನಿಯಮವನ್ನು ತಂದು, ಸರ್ಕಾರ ಬದಲಾದ ಮೇಲೆ 2025ರ ಅಕ್ಟೋಬರಿನಲ್ಲಿ ಕಿತ್ತುಹಾಕಿದರು. ಎರಡು ಪಾಸ್‌ಪೋರ್ಟ್ ಇಟ್ಟುಕೊಳ್ಳಲು ಜರ್ಮನಿ ಈಗ ಒಪ್ಪುತ್ತದೆ, ಆದರೆ ನಮ್ಮ ದೇಶ ಒಪ್ಪುವುದಿಲ್ಲ. ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ವಿದೇಶಿ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡು ತೆಗೆದುಕೊಳ್ಳಬೇಕು. ಎಷ್ಟೋ ಜನ ಪಿಆರ್‌ಗೇ ನಿಂತುಬಿಡುವುದು ಇದೇ ಕಾರಣಕ್ಕೆ.

ಪಕ್ಕದ ನೆದರ್‌ಲೆಂಡ್ಸ್‌ನಲ್ಲಿ ಕಾಗದದ ಕೆಲಸ ಇದಕ್ಕಿಂತ ಚುರುಕು. ಸರ್ಕಾರ ಮಾನ್ಯತೆ ಕೊಟ್ಟ ಕಂಪನಿಗಳ ಪಟ್ಟಿ ಇದೆ, ಯಾರು ಬೇಕಾದರೂ ನೋಡಬಹುದು. ಆ ಪಟ್ಟಿಯ ಕಂಪನಿ ಕರೆದರೆ ಅರ್ಜಿಯನ್ನೂ ಅದೇ ಹಾಕುತ್ತದೆ, ಎರಡು ವಾರದ ಆಸುಪಾಸಿನಲ್ಲಿ ಉತ್ತರ ಬರುತ್ತದೆ. ಡಿಗ್ರಿ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ, ಸಂಬಳ ನೋಡುತ್ತಾರೆ: 2025ರಲ್ಲಿ ತಿಂಗಳಿಗೆ 5,688 ಯೂರೋ, 30 ವರ್ಷದೊಳಗಿನವರಿಗೆ 4,171. ಒಳಗೆ ಹೋಗುವುದು ಇಷ್ಟು ಸಲೀಸು. ಪಿಆರ್‌ಗೆ ಐದು ವರ್ಷ, ಜೊತೆಗೆ ಡಚ್ ಭಾಷೆಯ ಪರೀಕ್ಷೆ. ಮನೆ ಸಿಗುವುದು ಮಾತ್ರ ದೇವರ ದಯೆ.

ಐರ್ಲೆಂಡ್ ಬಗ್ಗೆ ಎರಡು ಮಾತು. ಇಂಗ್ಲಿಷ್ ನಡೆಯುತ್ತದೆ. ಅಗತ್ಯ ಕೌಶಲದ ಪಟ್ಟಿಯಲ್ಲಿರುವ ಕೆಲಸ ಸಿಕ್ಕರೆ, ನರ್ಸ್‌ಗಳೂ ಅದರಲ್ಲಿದ್ದಾರೆ, ಎರಡು ವರ್ಷದ ಸುಮಾರಿಗೆ ಕಂಪನಿಯ ಹಂಗಿಲ್ಲದೆ ಯಾವ ಕೆಲಸ ಬೇಕಾದರೂ ಮಾಡುವ ಹಕ್ಕು ಬರುತ್ತದೆ. ಐದು ವರ್ಷಕ್ಕೆ ಪೌರತ್ವದ ಅರ್ಜಿ, ಭಾಷೆಯ ಪರೀಕ್ಷೆ ಇಲ್ಲ. ಹಾಗಂತ ಬಾಡಿಗೆ ಕೇಳಿದರೆ ಬೆಂಗಳೂರೇ ವಾಸಿ ಅನ್ನಿಸುತ್ತದೆ.

ಈಗ ಎಲ್ಲರ ಬಾಯಲ್ಲಿರುವ ಪೋರ್ಚುಗಲ್. "ಸುಲಭ" ಎಂಬ ಹೆಸರು ಗಳಿಸಿ ಅದರ ಭಾರಕ್ಕೆ ತಾನೇ ಕುಸಿದ ದೇಶ ಇದು. ಪೆನ್ಷನ್, ಬಾಡಿಗೆಯಂಥ ಕೂತಲ್ಲೇ ಬರುವ ಆದಾಯ ಇದ್ದವರಿಗೆ ಡಿ7 ವೀಸಾ. ಅಲ್ಲಿನ ಕನಿಷ್ಠ ವೇತನದಷ್ಟು ಆದಾಯ ತೋರಿಸಿದರೆ ಸಾಕು, 2025ರಲ್ಲಿ ಅದು ತಿಂಗಳಿಗೆ 870 ಯೂರೋ. 2022ರ ಅಕ್ಟೋಬರಿನಿಂದ, ಲ್ಯಾಪ್‌ಟಾಪ್ ಹಿಡಿದು ಬೇರೆ ದೇಶದ ಕಂಪನಿಗೆ ದುಡಿಯುವವರಿಗೆ ಇನ್ನೊಂದು ವೀಸಾ. ಅದಕ್ಕೆ ಕನಿಷ್ಠ ವೇತನದ ನಾಲ್ಕು ಪಟ್ಟು. ಇದೆಲ್ಲಕ್ಕಿಂತ ದೊಡ್ಡ ಬಾಗಿಲು ಒಂದಿತ್ತು. ಪ್ರವಾಸಿಯಾಗಿ ಬಂದವರೂ ಅಲ್ಲೇ ಕೆಲಸ ಹಿಡಿದು, ಸಾಮಾಜಿಕ ಭದ್ರತೆಗೆ ದುಡ್ಡು ಕಟ್ಟುತ್ತಾ, "ನನಗೆ ಇಲ್ಲೇ ಇರುವ ಆಸಕ್ತಿ ಇದೆ" ಎಂದು ಅರ್ಜಿ ಹಾಕಬಹುದಿತ್ತು. ಭಾರತ, ನೇಪಾಳ, ಬಾಂಗ್ಲಾದೇಶದ ಸಾವಿರಾರು ಜನ ಈ ದಾರಿಯಲ್ಲಿ ಹೋದರು. 2024ರ ಜೂನ್ ಮೊದಲ ವಾರದಲ್ಲಿ ಆ ಬಾಗಿಲು ಮುಚ್ಚಿತು.

ಅಷ್ಟರಲ್ಲಿ ಒಳಗೆ ಸುಮಾರು ನಾಲ್ಕು ಲಕ್ಷ ಅರ್ಜಿ ರಾಶಿ ಬಿದ್ದಿತ್ತು. ಹಳೆಯ ವಲಸೆ ಇಲಾಖೆಯನ್ನು ಮುಚ್ಚಿ 2023ರ ಅಕ್ಟೋಬರ್ ಕೊನೆಯಲ್ಲಿ ಐಮಾ ಎಂಬ ಹೊಸ ಸಂಸ್ಥೆ ತೆರೆದರು, ರಾಶಿಯನ್ನು ಅದಕ್ಕೆ ವರ್ಗಾಯಿಸಿದರು. ಒಂದು ಅಪಾಯಿಂಟ್‌ಮೆಂಟಿಗಾಗಿ ಜನ ಕೋರ್ಟಿಗೆ ಹೋದರು. ಈ ಕಾಯುವಿಕೆಗೆ ಪರಿಹಾರವಾಗಿ 2024ರಲ್ಲಿ ಒಂದು ಒಳ್ಳೆಯ ತಿದ್ದುಪಡಿ ಬಂತು: ಪೌರತ್ವಕ್ಕೆ ಬೇಕಾದ ಐದು ವರ್ಷವನ್ನು ಕಾರ್ಡು ಕೈಗೆ ಬಂದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದಲೇ ಎಣಿಸಬೇಕು. ಜನ ನಿಟ್ಟುಸಿರು ಬಿಟ್ಟರು. 2025ರ ಅಕ್ಟೋಬರಿನಲ್ಲಿ ಅಲ್ಲಿನ ಸಂಸತ್ತು ಐದನ್ನು ಹತ್ತು ವರ್ಷ ಮಾಡುವ, ಎಣಿಕೆಯನ್ನು ಮತ್ತೆ ಕಾರ್ಡಿನ ದಿನಕ್ಕೆ ತಳ್ಳುವ ಮಸೂದೆಗೆ ಒಪ್ಪಿತು. ಡಿಸೆಂಬರಿನಲ್ಲಿ ಸಾಂವಿಧಾನಿಕ ನ್ಯಾಯಾಲಯ ಅದರ ಕೆಲವು ಅಂಶಗಳಿಗೆ ತಡೆ ಹಾಕಿತು. ಐದು ವರ್ಷದ ಆಸೆಯಲ್ಲಿ ಮನೆ ಮಾರಿ ಹೋದವರ ಸ್ಥಿತಿ ಯೋಚಿಸಿ. ಅವರು ಒಂದು ದಿನವೂ ತಪ್ಪು ಮಾಡಿಲ್ಲ, ಆದರೆ ಗುರಿಯ ಕಂಬವನ್ನೇ ಯಾರೋ ಎತ್ತಿಕೊಂಡು ಓಡುತ್ತಿದ್ದಾರೆ.

ಪೋರ್ಚುಗಲ್‌ಗೆ ನಮ್ಮ ಪಕ್ಕದಲ್ಲೇ ಇನ್ನೊಂದು ದಾರಿ ಇದೆ, ಅದು ಗೋವಾ. 1961ರ ಡಿಸೆಂಬರ್ 19ಕ್ಕೆ ಮೊದಲು ಪೋರ್ಚುಗೀಸರ ಗೋವಾದಲ್ಲಿ ಹುಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳು ಲಿಸ್ಬನ್‌ನಲ್ಲಿ ಜನನ ನೋಂದಣಿ ಮಾಡಿಸಿ ಪೋರ್ಚುಗೀಸ್ ಪ್ರಜೆಗಳಾಗಬಹುದು. ಇಲ್ಲಿ ಸಿಗುವುದು ಬರೀ ಕಾರ್ಡಲ್ಲ, ನೇರ ಪಾಸ್‌ಪೋರ್ಟ್; ಅದಿದ್ದರೆ ಒಕ್ಕೂಟದ ಯಾವ ದೇಶದಲ್ಲಾದರೂ ನೆಲೆಸಬಹುದು. ಕಾರವಾರ, ಖಾನಾಪುರ ಕಡೆ ಅಜ್ಜಿಯ ತವರು ಗೋವಾ ಎನ್ನುವ ಮನೆಗಳಿಗೇನೂ ಕಡಿಮೆ ಇಲ್ಲ. ಅಜ್ಜಿಯ ಹಳೇ ಬ್ಯಾಪ್ಟಿಸಂ ಚೀಟಿ ಅಥವಾ ಜನನ ದಾಖಲೆ ಒಂದು ಬ್ಲೂ ಕಾರ್ಡಿಗಿಂತ ಜಾಸ್ತಿ ತೂಗುತ್ತದೆ. ಆದರೆ ಇಲ್ಲೂ ಅದೇ ಷರತ್ತು: ಸ್ವಂತ ಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದರೆ ಭಾರತದ ಪೌರತ್ವ ಹೋಗುತ್ತದೆ.

ದುಡ್ಡಿದ್ದವರ ದಾರಿಯಾದ ಗೋಲ್ಡನ್ ವೀಸಾ, ಅಂದರೆ ಹೂಡಿಕೆಗೆ ಕೊಡುವ ವಾಸದ ಹಕ್ಕು, ಒಂದೊಂದಾಗಿ ಮುಚ್ಚುತ್ತಿದೆ. ಐರ್ಲೆಂಡ್ 2023ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಪೋರ್ಚುಗಲ್ ಅದೇ ವರ್ಷ ಮನೆ ಖರೀದಿಯ ದಾರಿ ಕಿತ್ತುಹಾಕಿ ಫಂಡುಗಳಂಥ ಹೂಡಿಕೆಯನ್ನಷ್ಟೇ ಉಳಿಸಿಕೊಂಡಿತು. ಸ್ಪೇನ್ 2025ರ ಏಪ್ರಿಲ್ 3ಕ್ಕೆ ಬಾಗಿಲು ಹಾಕಿತು. ಹಣಕ್ಕೆ ಪಾಸ್‌ಪೋರ್ಟನ್ನೇ ಕೊಡುತ್ತಿದ್ದ ಮಾಲ್ಟಾಗೆ ಅದೇ ತಿಂಗಳು ಐರೋಪ್ಯ ನ್ಯಾಯಾಲಯ ಛೀಮಾರಿ ಹಾಕಿತು. ಗ್ರೀಸ್ ಇನ್ನೂ ಕೊಡುತ್ತಿದೆ, ಆದರೆ ಎರಡೂವರೆ ಲಕ್ಷ ಯೂರೋಗೆ ಸಿಗುತ್ತಿದ್ದದ್ದು ಅಥೆನ್ಸ್, ಸಾಂಟೊರಿನಿಯಂಥ ಕಡೆ ಈಗ ಎಂಟು ಲಕ್ಷ. ಶ್ರೀಮಂತರು ಬಂದು ಫ್ಲಾಟ್ ಹಿಡಿದು ಸ್ಥಳೀಯರಿಗೆ ಬಾಡಿಗೆ ಮನೆಯೇ ಸಿಗದ ಹಾಗಾಯಿತು ಎಂಬುದು ಈ ಊರುಗಳ ಸಿಟ್ಟು.

ಸ್ಪೇನ್‌ನಲ್ಲಿ ಇನ್ನೊಂದು ವಿಚಿತ್ರ ಇದೆ. ಅಲ್ಲಿ ಕಾಗದವಿಲ್ಲದೆ ಎರಡು ವರ್ಷ ಇದ್ದವರಿಗೂ ದಾರಿ ಉಂಟು. ಅರಾಯ್ಗೋ ಎನ್ನುತ್ತಾರೆ, ಬೇರು ಬಿಡುವುದು ಎಂಬ ಅರ್ಥ. 2025ರ ಮೇ ತನಕ ಸಾಮಾನ್ಯವಾಗಿ ಮೂರು ವರ್ಷ ಬೇಕಿತ್ತು. ಕೆಲಸದ ಕರಾರು ಇರಬೇಕು, ಪೊಲೀಸ್ ಕೇಸು ಇರಬಾರದು. ಊರಿನ ಜನಪಟ್ಟಿಯಲ್ಲಿ ಹೆಸರು ಬರೆಸಿದ ತಾರೀಖು ಒಳ್ಳೆಯ ಸಾಕ್ಷಿ, ಹಾಗಾಗಿ ಬಂದವರು ಮೊದಲು ಓಡುವುದು ಅಲ್ಲಿಗೆ. ಇಷ್ಟು ಉದಾರವಾದ ದೇಶ ಪೌರತ್ವಕ್ಕೆ ಮಾತ್ರ ನಮ್ಮಂಥವರಿಗೆ ಹತ್ತು ವರ್ಷ ಕೇಳುತ್ತದೆ. ಲ್ಯಾಟಿನ್ ಅಮೆರಿಕದವರಿಗೆ, ಫಿಲಿಪ್ಪೀನ್ಸ್‌ನವರಿಗೆ ಎರಡೇ ವರ್ಷ. ಯಾವ ದೊರೆ ಯಾವ ದೇಶ ಆಳಿದ್ದ ಎಂಬುದು ಇವತ್ತಿಗೂ ವೀಸಾ ಕೌಂಟರಿನಲ್ಲಿ ಕೂತಿದೆ ನೋಡಿ.

ಇಟಲಿಯಲ್ಲಿ ಕೂಲಿ ಕೆಲಸಕ್ಕೆ ವರ್ಷಕ್ಕೆ ಇಷ್ಟು ಜನ ಎಂಬ ಕೋಟಾ ಇದೆ. 2023ರಿಂದ 2025ರ ಮೂರು ವರ್ಷಕ್ಕೆ 4,52,000. ಅರ್ಜಿ ಹಾಕಬೇಕಾದವರು ಮಾಲೀಕರು. ಅರ್ಜಿ ಹಾಕುವ ದಿನಕ್ಕೆ "ಕ್ಲಿಕ್ ಡೇ" ಎಂದೇ ಹೆಸರು. ತತ್ಕಾಲ್ ಟಿಕೆಟ್ ಬುಕ್ ಮಾಡುವ ಹಾಗೆ ನಿಗದಿತ ದಿನ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಒತ್ತುತ್ತಾರೆ. ಕೋಟಾದಲ್ಲಿ ಬಂದು ಮಾಲೀಕ ಕೈಕೊಟ್ಟರೆ ಕಾಗದವಿಲ್ಲದ ಕೂಲಿ ಆಗಿಬಿಡುವ ಅಪಾಯ ಇದೆ. ರೋಮ್‌ನ ದಕ್ಷಿಣಕ್ಕೆ ಲಾತೀನಾ ಸುತ್ತಮುತ್ತ ಪಂಜಾಬಿನವರು ತುಂಬಾ ಜನ ಹೊಲಗಳಲ್ಲಿ ದುಡಿಯುತ್ತಾರೆ. 2024ರ ಜೂನಿನಲ್ಲಿ ಅಲ್ಲಿ ಕಾಗದವಿಲ್ಲದ ಒಬ್ಬ ಕೆಲಸಗಾರನ ತೋಳು ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಆಸ್ಪತ್ರೆಗೆ ಸೇರಿಸುವ ಬದಲು ಅವನನ್ನು ಮನೆ ಹತ್ತಿರ ಬಿಟ್ಟು ಹೋದರು. ಅವನು ಉಳಿಯಲಿಲ್ಲ. ಹೇಗೋ ಒಳಗೆ ನುಗ್ಗಿದರೆ ಸಾಕು, ಆಮೇಲೆ ನೋಡಿಕೊಳ್ಳೋಣ ಎನ್ನುವ ಏಜೆಂಟರು ಈ ಕಥೆ ಹೇಳುವುದಿಲ್ಲ.

ಏಜೆಂಟರ ಮಾತು ಬಂತಲ್ಲ, ಇಷ್ಟು ತಿಳಿದಿರಲಿ: ಹೊರದೇಶದ ಕೆಲಸ ಕೊಡಿಸುವ ಏಜೆಂಟ್ ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿಸಿರಬೇಕು. ಅವನು ತೆಗೆದುಕೊಳ್ಳಬಹುದಾದ ಶುಲ್ಕಕ್ಕೆ ಮಿತಿ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ. ಲಕ್ಷಗಳಲ್ಲಿ ಕೇಳಿದ ಕೂಡಲೇ ಎದ್ದು ಬನ್ನಿ.

ಇನ್ನು ಬಿಗಿ ದೇಶಗಳು. ಡೆನ್ಮಾರ್ಕ್‌ನಲ್ಲಿ ಪಿಆರ್‌ಗೆ ಎಂಟು ವರ್ಷ. ಭಾಷೆ, ಸಂಬಳ ಮುಂತಾದ ಹೆಚ್ಚುವರಿ ಷರತ್ತು ಎಲ್ಲವನ್ನೂ ಮುಟ್ಟಿದರೆ ನಾಲ್ಕು. ಅಲ್ಲಿರುವವರನ್ನು ಮದುವೆಯಾಗಿ ಹೋಗಬೇಕೆಂದರೆ ಗಂಡ ಹೆಂಡತಿ ಇಬ್ಬರಿಗೂ 24 ತುಂಬಿರಬೇಕು ಎಂಬುದು 2002ರಿಂದ ಇರುವ ಸಾಮಾನ್ಯ ನಿಯಮ. ಎಲ್ಲ ಮುಗಿದು ಪೌರತ್ವ ಸಿಗುವ ದಿನ ಸಮಾರಂಭದಲ್ಲಿ ಅಧಿಕಾರಿಯ ಕೈ ಕುಲುಕುವುದೂ ಕಾನೂನು.

ಸ್ವಿಟ್ಜರ್‌ಲೆಂಡ್‌ನಲ್ಲಿ ಯೂರೋಪಿನ ಹೊರಗಿನವರಿಗೆ ಇಡೀ ದೇಶಕ್ಕೆ ವರ್ಷಕ್ಕೆ 8,500 ಪರ್ಮಿಟ್ ಮಾತ್ರ, ಅದರಲ್ಲಿ 4,000 ಅಲ್ಪಾವಧಿಯವು. ಈ ಕೆಲಸಕ್ಕೆ ಸ್ವಿಸ್ ಅಥವಾ ಯೂರೋಪಿನವರು ಸಿಗಲಿಲ್ಲ ಎಂದು ಕಂಪನಿ ತೋರಿಸಬೇಕು. ಭಾರತೀಯರಿಗೆ ಪಿಆರ್ ಸಾಮಾನ್ಯವಾಗಿ ಹತ್ತು ವರ್ಷಕ್ಕೆ. ಪೌರತ್ವ ಕೊಡುವುದರಲ್ಲಿ ಊರಿನವರ ಮಾತೂ ನಡೆಯುತ್ತದೆ. ಗಿಪ್ಫ್-ಓಬರ್‌ಫ್ರಿಕ್ ಎಂಬ ಊರಿನ ಕಥೆ ಪ್ರಸಿದ್ಧ: ಎಂಟನೇ ವಯಸ್ಸಿನಿಂದ ಆ ದೇಶದಲ್ಲೇ ಬೆಳೆದು ಅಲ್ಲಿನ ಜರ್ಮನ್ ಮಾತಾಡುವ ಡಚ್ ಮಹಿಳೆಯೊಬ್ಬರ ಅರ್ಜಿಯನ್ನು ಊರವರು ಎರಡು ಸಲ ತಳ್ಳಿಹಾಕಿದರು. ಹಸುಗಳ ಕೊರಳಿಗೆ ಭಾರದ ಗಂಟೆ ಕಟ್ಟಬೇಡಿ, ಅವಕ್ಕೆ ಹಿಂಸೆ ಎಂದು ಆಕೆ ಊರು ತುಂಬಾ ಹೇಳಿಕೊಂಡು ಬಂದಿದ್ದರು. 2017ರಲ್ಲಿ ಮೇಲಿನವರು ಮಧ್ಯೆ ಬಂದ ಮೇಲೆ ಪೌರತ್ವ ಸಿಕ್ಕಿತು. ಅಲ್ಲಿ ಕಾನೂನು ಓದಿಕೊಂಡರೆ ಸಾಲದು, ಊರ ಹಸುಗಳ ವಿಷಯದಲ್ಲೂ ನಾಲಿಗೆ ಹಿಡಿತದಲ್ಲಿರಬೇಕು.

ಎಸ್ಟೋನಿಯಾ ಸರ್ಕಾರ ಕೊಡುವ ಡಿಜಿಟಲ್ ಗುರುತಿನ ಚೀಟಿಯಾದ ಇ-ರೆಸಿಡೆನ್ಸಿ ಬಗ್ಗೆಯೂ ಅಕ್ಕನ ಮಗ ಕೇಳಿದ್ದ. 2014ರ ಡಿಸೆಂಬರಿನಿಂದ ಕೊಡುತ್ತಿದ್ದಾರೆ, ಬೆಂಗಳೂರಿನಲ್ಲೇ ಕೂತು ಅಲ್ಲಿ ಕಂಪನಿ ತೆರೆಯಬಹುದು. ಹೆಸರಿನಲ್ಲಿ ರೆಸಿಡೆನ್ಸಿ ಇದೆ, ವಾಸದ ಹಕ್ಕು ಇಲ್ಲ. ವಿಮಾನ ಇಳಿಯಲೂ ಬೇರೆ ವೀಸಾ ಬೇಕು. ನಿಜವಾಗಿ ವಾಸ ಮಾಡಲು ಬರುವವರಿಗೆ ಆ ದೇಶದ ವಾರ್ಷಿಕ ಕೋಟಾ ಅದರ ಜನಸಂಖ್ಯೆಯ ಶೇ 0.1.

ಕೊನೆಗೆ ದಿನ ಎಣಿಸುವ ಸೂಕ್ಷ್ಮಗಳು. ಎಡವುವುದು ಇಲ್ಲೇ ಜಾಸ್ತಿ. ಒಕ್ಕೂಟದ್ದೇ ಒಂದು ದೀರ್ಘಾವಧಿ ವಾಸದ ಸ್ಥಾನಮಾನ ಇದೆ, ಐದು ವರ್ಷಕ್ಕೆ ಸಿಗುತ್ತದೆ. ಆದರೆ ಓದಿದ ವರ್ಷಗಳನ್ನು ಅದಕ್ಕೆ ಅರ್ಧ ಮಾತ್ರ ಹಿಡಿಯುತ್ತಾರೆ: ಎರಡು ವರ್ಷದ ಎಂಎಸ್ ಎಂದರೆ ಲೆಕ್ಕಕ್ಕೆ ಒಂದೇ ವರ್ಷ. ಆ ಐದು ವರ್ಷದಲ್ಲಿ ಒಂದೇ ಸಲಕ್ಕೆ ಆರು ತಿಂಗಳು ಅಥವಾ ಒಟ್ಟು ಹತ್ತು ತಿಂಗಳಿಗಿಂತ ಜಾಸ್ತಿ ಹೊರಗಿರಬಾರದು. ಐರ್ಲೆಂಡ್‌ನಲ್ಲಿ ಪೌರತ್ವದ ಅರ್ಜಿಗೆ ಹಿಂದಿನ ಒಂದು ವರ್ಷದಲ್ಲಿ ಸಾಮಾನ್ಯವಾಗಿ 70 ದಿನ ಮಾತ್ರ ಹೊರಗಿರಬಹುದು. ಜರ್ಮನಿಯ ಸಾಮಾನ್ಯ ಪರ್ಮಿಟ್, ಆರು ತಿಂಗಳು ದೇಶದಾಚೆ ಇದ್ದರೆ ತಾನಾಗಿ ಸತ್ತುಹೋಗುತ್ತದೆ. ಬ್ಲೂ ಕಾರ್ಡಿಗೆ ಹನ್ನೆರಡು ತಿಂಗಳ ವಿನಾಯಿತಿ. ಊರಲ್ಲಿ ಅಪ್ಪನಿಗೆ ಹುಷಾರಿಲ್ಲ ಎಂದು ಹೋಗಿ ಕೂತವರು ಈ ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೇ ಇರುತ್ತಾರೆ.

ಇಷ್ಟನ್ನೂ ಅವತ್ತು ವಿಡಿಯೋ ಕಾಲ್‌ನಲ್ಲಿ ಅಕ್ಕನ ಮಗನಿಗೆ ಹೇಳಿದೆ. ಅವನು ಅರ್ಧ ಕೇಳಿಸಿಕೊಂಡ, ಅರ್ಧ ಹೊತ್ತು ಅನಾಬಿನ್ ತೆರೆದು ತನ್ನ ವಿಶ್ವವಿದ್ಯಾಲಯ ಹುಡುಕುತ್ತಿದ್ದ. ಎಲ್ಲ ಜರ್ಮನ್‌ನಲ್ಲಿ. "ಮಾವ, ಎಚ್ ಪ್ಲಸ್ ಅಂತ ಇದೆ!" ಅಂತ ಕೂಗಿದ. ಹಿಂದೆ ಅವರೆಕಾಯಿ ಸುಲಿಯುತ್ತಿದ್ದ ಅಕ್ಕ ಮುಖ ತೂರಿಸಿದಳು. "ಅವನೇನೋ ಹೋಗ್ತಾನೆ. ನನ್ನನ್ನ ಕರ್ಕೊಳ್ಳೋಕೆ ಬಿಡ್ತಾರೇನೋ?"

ಬಿಡ್ತಾರೆ ಅಂದೆ. 2024ರ ಮಾರ್ಚ್ 1ರ ನಂತರ ಮೊದಲ ಸಲ ಪರ್ಮಿಟ್ ಪಡೆದ ನುರಿತ ಕೆಲಸಗಾರರು ಅಪ್ಪ ಅಮ್ಮನನ್ನು, ಅತ್ತೆ ಮಾವನನ್ನು ಕರೆಸಿಕೊಳ್ಳಬಹುದು ಎಂಬ ನಿಯಮ ಬಂದಿದೆ. ಖರ್ಚೆಲ್ಲ ಮಗನೇ ನೋಡಿಕೊಳ್ಳಬೇಕು, ಆರೋಗ್ಯ ವಿಮೆ ಕಡ್ಡಾಯ. ವಯಸ್ಸಾದವರಿಗೆ ಆ ವಿಮೆ ಸಿಗುವುದೇ ಕಷ್ಟ, ಸಿಕ್ಕರೂ ಮಗನ ಸಂಬಳದಲ್ಲಿ ದೊಡ್ಡ ಪಾಲು ಅದಕ್ಕೇ. ಅದು ಆಗದಿದ್ದರೆ ಪ್ರವಾಸಿ ವೀಸಾ, ತೊಂಬತ್ತು ದಿನ.

ಅಕ್ಕ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ತೊಂಬತ್ತು ದಿನ ಸಾಕಪ್ಪ. ಆಮೇಲೆ ಇಲ್ಲಿ ಹಸು ಯಾರು ನೋಡ್ಕೋತಾರೆ?" ಅಂದು ಅವರೆಕಾಯಿ ಕಡೆ ತಿರುಗಿದಳು.